ಬೈಲಕುಪ್ಪೆಯ ಸ್ವಾಗತಕ್ಕೆ ಹೊರಗಿನವರೂ ಹೋಗಬಹುದು

ಟಿಬೆಟನ್ ನಾಯಕರು ಮೈಸೂರು ಜಿಲ್ಲೆಯ ಟಿಬೆಟನ್ ನೆಲೆ ಬೈಲಕುಪ್ಪೆಗೆ ಬಂದಾಗ ನಮ್ಮಂಥವರು ಹೋಗಬಹುದಾ, ಪರ್ಮಿಟ್ ಬೇಕಾ, ಏನು ಒಯ್ಯಬೇಕು ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಪರ್ಮಿಟ್ ತಾಪತ್ರಯ ವಿದೇಶಿಯರಿಗೆ, ಅದೂ ರಾತ್ರಿ ಅಲ್ಲೇ ತಂಗುವುದಾದರೆ.

ಆದರೆ ಬರುವವರು ಯಾರು ಅಂತ ಮೊದಲು ನೋಡಿಕೊಳ್ಳಿ. 2025ರ ಜನವರಿಯಲ್ಲಿ ದಲೈಲಾಮಾ ಬಂದು ತಾಶಿ ಲುನ್ಪೊ ಮಠದಲ್ಲಿ ವಾರಗಟ್ಟಲೆ ಇದ್ದರು. ಅವರ ಕಾರ್ಯಕ್ರಮ ಅಂದರೆ ತಪಾಸಣೆ ಜಾಸ್ತಿ. ಗುರುತಿನ ಚೀಟಿ ಇರಲಿ, ಕ್ಯಾಮೆರಾ ಬಿಟ್ಟುಹೋಗಿ. ಪ್ರವಚನ ಟಿಬೆಟನ್ ಭಾಷೆಯಲ್ಲಿ. ಅನುವಾದ ಸಾಮಾನ್ಯವಾಗಿ ಎಫ್‌ಎಂನಲ್ಲಿ ಬರುತ್ತದೆ, ಹಾಗಾಗಿ ಚಿಕ್ಕ ರೇಡಿಯೊ ಬೇಕು. ಒಂದು ಲೋಟವನ್ನೂ ಮರೆಯಬೇಡಿ. ನೆಲದ ಮೇಲೆ ಸಾಲಾಗಿ ಕೂತವರಿಗೆ ಭಿಕ್ಷುಗಳು ದೊಡ್ಡ ಕೆಟಲ್ ಹಿಡಿದು ಚಹಾ ಬಗ್ಗಿಸುತ್ತಾ ಬರುತ್ತಾರೆ. ಉಪ್ಪು-ಬೆಣ್ಣೆ ಚಹಾ ಆದರೆ ಮೊದಲ ಗುಟುಕಿಗೆ ಸಾರು ಕುಡಿದ ಹಾಗಿರುತ್ತದೆ!

ಸಿಕ್ಯೊಂಗ್, ಅಂದರೆ ದೇಶಭ್ರಷ್ಟ ಟಿಬೆಟನ್ ಆಡಳಿತದ ಚುನಾಯಿತ ಮುಖ್ಯಸ್ಥರು, ಬಂದರೆ ಅದು ಬೇರೆ ಥರ. 2011ರಲ್ಲಿ ದಲೈಲಾಮಾ ರಾಜಕೀಯ ಅಧಿಕಾರ ಬಿಟ್ಟ ಮೇಲೆ ಆಡಳಿತವೆಲ್ಲ ಚುನಾಯಿತ ನಾಯಕರದ್ದು. 2021ರಲ್ಲಿ ಸಿಕ್ಯೊಂಗ್ ಆಗಿ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದೇ ಬೈಲಕುಪ್ಪೆಯಲ್ಲಿ, ಗೊತ್ತಾ? ಇಂಥ ಸಭೆಗಳಲ್ಲಿ ಶಾಲೆ, ಜಮೀನು, ಹೊರದೇಶಕ್ಕೆ ಹೊರಟ ಯುವಕರು ಇಂಥ ದಿನನಿತ್ಯದ ಮಾತೇ ಜಾಸ್ತಿ. ನನ್ನ ಕೇಳಿದರೆ ಅಲ್ಲಿನ ಬದುಕು ತಿಳಿಯಲು ಇದೇ ಒಳ್ಳೆಯದು.

ಕಾಣಿಕೆಗೆ ಹಾರ, ಶಾಲು ಸುಮ್ನೆ ಖರ್ಚು. ಬಿಳಿ ಖತಾ (ಗೌರವಕ್ಕೆ ಕೊಡುವ ಉದ್ದನೆಯ ತೆಳು ವಸ್ತ್ರ) ಸಾಕು, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ (ನಾಮ್‌ಡ್ರೋಲಿಂಗ್ ಮಠ) ಹತ್ತಿರದ ಅಂಗಡಿಗಳಲ್ಲೇ ಸಿಗುತ್ತದೆ. ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿ ಕೊಡಿ. ಅದನ್ನೇ ತಿರುಗಿ ನಿಮ್ಮ ಕೊರಳಿಗೆ ಹಾಕಿದರೆ ಬೇಡ ಅಂದ್ರು ಅಂದುಕೊಳ್ಳಬೇಡಿ, ಅದು ಆಶೀರ್ವಾದ.

ರೂಮನ್ನು ಕುಶಾಲನಗರದಲ್ಲಿ ಮುಂಚೆಯೇ ಹಿಡಿದಿಡಿ.