ಕೆರೆಗೆ ಬಾಗಿನದಿಂದ ಶುರು ಮಾಡಿ

ನಮಸ್ಕಾರ.

ನಿಮ್ಮ 'ವಿದಾಯ, ಹಸಿರೇ' ಕೈಸೇರಿ ಎರಡು ವಾರವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ಹೊಟ್ಟೆ ಉರಿಯಿತು. ಸಿಟ್ಟು ಯಾಕೆಂದರೆ ಹನ್ನೊಂದು ಪುಟದಲ್ಲಿ ಏಳು ಪುಟ ಸುಮ್ನೆ ತುಂಬಿಸಿದ್ದೀರಿ. ಹೊಟ್ಟೆ ಉರಿ ಯಾಕೆಂದರೆ ಉಳಿದ ನಾಲ್ಕು ಪುಟದಲ್ಲಿ ನನ್ನ ಕೈಲಿ ಆಗದಂಥ ಎರಡು ಜಾಗ ಇವೆ.

ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಪತ್ರದ ಕೊನೆವರೆಗೆ ನಿಮ್ಮನ್ನು ಕಾಯಿಸುವುದು ಬೇಡ ಅಂತ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ, ಅದು ಮಾತು. ಈ ಉತ್ತರವನ್ನು 'ಬರಹಗಾರರಿಗೆ ಸಲಹೆ' ಅಂಕಣದಲ್ಲಿ ಹಾಕಲು ಒಪ್ಪಿದ್ದೀರಿ, ಹಾಗಾಗಿ ಹೆಸರು ಬಿಟ್ಟಿದ್ದೇನೆ. ಬೇರೆ ಓದುಗರಿಗಾಗಿ ನಿಮ್ಮ ಕಥೆ ಇಷ್ಟು: 1994ರಲ್ಲಿ ಬೆಂಗಳೂರಿನ ವಿಜಯನಗರದ ಗೆಳೆಯರೊಬ್ಬರ ಮನೆಯಲ್ಲಿ ನೀವು ನಾಲ್ಕು ಜನ 'ಲಿಂಕ್ಸ್' ಅನ್ನುವ ಕಂಪ್ಯೂಟರ್ ಗಾಲ್ಫ್ ಆಡಲು ಕೂತಿರಿ. ಒಂದು ಕಂಪ್ಯೂಟರ್, ಒಂದೇ ಮೌಸ್. ಆಮೇಲೆ ಬೇರೆ ಬೇರೆ ದೇಶದ ಆಟಗಾರರೂ ಸೇರಿ ದೊಡ್ಡ ಬಳಗವಾಯಿತು. ಇಪ್ಪತ್ತು ವರ್ಷ ದಾಟಿದ ಮೇಲೆ ಒಂದು ದಿನ ನೀವು ಆಟವನ್ನೂ ಬಳಗವನ್ನೂ ಬಿಟ್ಟಿರಿ. ಅದರ ಬಗ್ಗೆ ಈ ಪ್ರಬಂಧ.

ಮೊದಲ ಪ್ಯಾರಾದಲ್ಲೇ 'ಕಾಲಚಕ್ರದ ಗತಿಯಲ್ಲಿ ಸ್ಮೃತಿಪಟಲದ ಮೇಲೆ ಮೂಡಿದ ಅಚ್ಚಳಿಯದ ಚಿತ್ತಾರ' ಎಂದಿದ್ದೀರಿ. ನಿಜ ಹೇಳಿ, ವಿಜಯನಗರದ ಆ ಮನೆಯಲ್ಲಿ ಯಾರಾದರೂ ಹೀಗೆ ಮಾತಾಡಿದ್ದರಾ? ಇದೇ ವಾಕ್ಯವನ್ನು ನಿವೃತ್ತಿ ಸಮಾರಂಭದಲ್ಲೂ ಓದಬಹುದು, ಶ್ರದ್ಧಾಂಜಲಿಯಲ್ಲೂ ಓದಬಹುದು. ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಅಲ್ಲಿ ಏನೂ ಕಳೆದುಹೋಗುವುದಿಲ್ಲ, ನಾನು ಹುಡುಕಿ ನೋಡಿದ್ದೇನೆ.

ಆಮೇಲೆ ಆಟದ ಇತಿಹಾಸ ಒಂದೂವರೆ ಪುಟ. ತಪ್ಪಿಲ್ಲ, ಆದರೆ ಪರೀಕ್ಷೆಗೆ ಬರೆದ ಉತ್ತರದ ಥರ ಇದೆ. ನಾನಾಗಿದ್ದರೆ ಇಷ್ಟಕ್ಕೆ ಮುಗಿಸುತ್ತಿದ್ದೆ: ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಕ್ಸೆಸ್ ಸಾಫ್ಟ್‌ವೇರ್ ಎಂಬ ಕಂಪನಿ 1990ರಲ್ಲಿ ಲಿಂಕ್ಸ್ ತಂದಿತು. ನಮ್ಮ ಕೈಗೆ ಸಿಕ್ಕಿದ್ದು 1992ರ 'ಲಿಂಕ್ಸ್ 386 ಪ್ರೊ'. 1999ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡಿತು. ಪಿಸಿಗೆ ಬಂದ ಕೊನೆಯದು 'ಲಿಂಕ್ಸ್ 2003'. 2004ರಲ್ಲಿ ಆಟ ತಯಾರಿಸುತ್ತಿದ್ದ ತಂಡ ಇನ್ನೊಬ್ಬರ ಕೈಗೆ ಹೋಯಿತು, 2006ರಲ್ಲಿ ಬಾಗಿಲು ಹಾಕಿತು. ನಾವು ಮಾತ್ರ ಆಡುತ್ತಲೇ ಇದ್ದೆವು.

ಆ ಕೊನೆಯ ಸಾಲು ನಿಮ್ಮದೇ, ಐದನೇ ಪುಟದ ಮಧ್ಯದಲ್ಲಿ ಮುಚ್ಚಿಹೋಗಿತ್ತು. ಅಂಗಡಿ ಮುಚ್ಚಿದ ಮೇಲೂ ಜಗಲಿ ಮೇಲೆ ಕೂತವರು ಏಳಲಿಲ್ಲ ಅನ್ನುವ ಹಾಗಿದೆ. ಎಷ್ಟು ಚೆನ್ನಾಗಿದೆ ಗೊತ್ತಾ?

ಇನ್ನು ಪದಗಳ ವಿಚಾರ. ಹೋಲ್‌ಗೆ 'ಗುಂಡಿ', ಹೋಲ್ ಸುತ್ತಲಿನ ನುಣುಪು ಹುಲ್ಲಿಗೆ, ಅಂದರೆ ಗ್ರೀನ್‌ಗೆ, 'ಹರಿತ ವೇದಿಕೆ', ಪಟ್ ಮಾಡುವುದಕ್ಕೆ 'ಮೆಲುತಳ್ಳು' ಎಂದು ಬರೆದಿದ್ದೀರಿ. ಕನ್ನಡದ ಮೇಲಿನ ಪ್ರೀತಿ ಅರ್ಥವಾಗುತ್ತದೆ. ಆದರೆ ಬೆಂಗಳೂರಿನಲ್ಲಿ ಗುಂಡಿ ಅಂದ ಕೂಡಲೇ ಓದುಗರು ರಸ್ತೆ ನೆನೆದು ಸೊಂಟ ಹಿಡಿದುಕೊಳ್ಳುತ್ತಾರೆ. ನೀವು ಆಡುವಾಗ ಏನಂತಿದ್ದಿರೋ ಅದನ್ನೇ ಬರೆಯಿರಿ. ಹೋಲ್, ಗ್ರೀನ್, ಪಟ್. ಗಾಲ್ಫ್ ಗೊತ್ತಿಲ್ಲದವರಿಗೆ ಒಂದೇ ಸಾಲು ಸಾಕು: ಗೋಲಿ ಆಡುವಾಗ ತೋಡುವ ಕುಳಿ ಇದೆಯಲ್ಲ, ಅಂಥದ್ದು ಹದಿನೆಂಟು, ಒಂದರಿಂದ ಒಂದಕ್ಕೆ ಅರ್ಧ ಕಿಲೋಮೀಟರ್‌ವರೆಗೂ ದೂರ, ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ. ನಾನು ಚೌಕಾಬಾರದಿಂದ ಆಚೆ ಏನೂ ಆಡಿದವಳಲ್ಲ. ನನಗೇ ತಿಳಿಯಿತೆಂದರೆ ಎಲ್ಲರಿಗೂ ತಿಳಿಯುತ್ತದೆ.

ಈಗ ಹೊಟ್ಟೆ ಉರಿದ ಜಾಗಕ್ಕೆ ಬರುತ್ತೇನೆ.

ನಾಲ್ಕನೇ ಪುಟ. ಆಗಿನ ಕಂಪ್ಯೂಟರ್ ನಿಧಾನ. ಪ್ರತಿ ಹೊಡೆತದ ಮೇಲೂ ಪರದೆಯನ್ನು ಮೊದಲಿಂದ ಬಿಡಿಸಬೇಕು. ಮೊದಲು ಆಕಾಶ ಬರುತ್ತಿತ್ತು, ಆಮೇಲೆ ನೆಲ, ಆಮೇಲೆ ದೂರದ ಮರ, ಹತ್ತಿರದ ಮರ, ಒಂದೊಂದಾಗಿ. 'ಅಷ್ಟರಲ್ಲಿ ಗೆಳೆಯನ ಅಮ್ಮ ತಂದಿಟ್ಟ ಕೋಡುಬಳೆ ಒಂದು ಮುಗಿಯುತ್ತಿತ್ತು. ಮರ ಜಾಸ್ತಿ ಇದ್ದ ಹೋಲ್ ಆದರೆ ಎರಡು.' ಇದನ್ನು ಓದಿ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹೊತ್ತನ್ನು ಕೋಡುಬಳೆಯಲ್ಲಿ ಅಳೆದವರು ಇನ್ಯಾರೂ ನನಗೆ ಸಿಕ್ಕಿಲ್ಲ.

ಅದೇ ಪುಟದಲ್ಲಿ ಹೊಡೆಯುವ ಕ್ರಮ. ಮೌಸ್ ಗುಂಡಿ ಒತ್ತಿ ಹಿಡಿ, ಪರದೆಯಲ್ಲಿ ಹೊಡೆತದ ಜೋರು ತೋರಿಸುವ ಕಡ್ಡಿ ಮೇಲೇರುತ್ತದೆ, ಬೇಕಾದಷ್ಟು ಏರಿದಾಗ ಬಿಡು, ಕೆಳಗಿಳಿದು ಬಂದಾಗ ಸರಿಯಾದ ಗಳಿಗೆಗೆ ಮತ್ತೆ ಒತ್ತು. ಬೇಗ ಒತ್ತಿದರೆ ಚೆಂಡು ಒಂದು ಕಡೆ, ತಡವಾದರೆ ಇನ್ನೊಂದು ಕಡೆ. 'ಒತ್ತು, ಬಿಡು, ಒತ್ತು' ಎಂದು ಉಳಿದ ಮೂವರು ಒಟ್ಟಿಗೆ ಕೂಗುತ್ತಿದ್ದಿರಿ. ಮಹಡಿ ಮೇಲಿನ ಬಾಡಿಗೆಯವರು ಹೆರಿಗೆ ಮನೆ ಅಂದುಕೊಂಡರಂತೆ. ಬಿಟ್ಟಿರೆಂದರೆ ಕೋಪ ಬರುತ್ತೆ, ಇದನ್ನು ಮುಟ್ಟಬೇಡಿ.

ಮತ್ತೆ ಆ ಮನೆಯ ಗೆಳೆಯರು. ಲಿಂಕ್ಸ್‌ನಲ್ಲಿ ಒಬ್ಬರು ಆಡಿದ ಆಟವನ್ನು ಹಾಗೇ ಉಳಿಸಿಡಬಹುದಿತ್ತು, ಆಮೇಲೆ ಆ ಉಳಿಸಿದ ಆಟದ ಎದುರು ನಾವು ಆಡಬಹುದಿತ್ತು. ನಿಮ್ಮ ಗೆಳೆಯರಿಗೆ ಬ್ಯಾಂಕಿನಲ್ಲಿ ಕಲಬುರಗಿಗೆ ವರ್ಗವಾಯಿತು. ಹೋಗುವ ಹಿಂದಿನ ರಾತ್ರಿ ಅವರು ಕೆನಡಾದ ಬ್ಯಾನ್ಫ್ ಸ್ಪ್ರಿಂಗ್ಸ್ ಮೈದಾನದಲ್ಲಿ ಒಂದು ಆಟ ಆಡಿ ಫ್ಲಾಪಿಯಲ್ಲಿ ನಿಮಗೆ ಕೊಟ್ಟರು. ಅಲ್ಲಿ ಬೆಟ್ಟದ ಬುಡದ ಕೆರೆ ದಾಟಿಸಿ ಹೊಡೆಯುವ ಒಂದು ಹೋಲ್. ಅವರ ಚೆಂಡು ನೀರಿಗೆ ಬಿತ್ತು. 'ಹೋಯ್ತು, ಕೆರೆಗೆ ಬಾಗಿನ!' ಎಂದು ನೀವೆಲ್ಲ ನಕ್ಕಿರಿ. ಆಮೇಲೆ ಎಷ್ಟೋ ವರ್ಷ ನೀವೊಬ್ಬರೇ ಆ ಆಟದ ಎದುರು ಆಡಿದಿರಿ. ಪ್ರತಿ ಸಲವೂ ಅವರು ಅದೇ ಜಾಗದಲ್ಲಿ ಅದೇ ಕೆರೆಗೆ ಚೆಂಡು ಹಾಕುತ್ತಾರೆ. ಖಾಲಿ ಕೋಣೆಯಲ್ಲಿ ನೀವು 'ಬಾಗಿನ' ಅನ್ನುತ್ತೀರಿ.

ಇದಕ್ಕೆ ನೀವು ಕೊಟ್ಟಿರುವುದು ಆರು ಸಾಲು. ಕಾಲಚಕ್ರಕ್ಕೆ ಎರಡು ಪುಟ! ಪ್ರಬಂಧ ಶುರುವಾಗಬೇಕಾದದ್ದು ಇಲ್ಲಿಂದ.

ಎರಡನೆಯದು ಮರ. ಲಿಂಕ್ಸ್ 2001ರ ಜೊತೆಗೆ ಮೈದಾನ ಕಟ್ಟುವ ಒಂದು ಸಲಕರಣೆ ಬಂತು, ಆರ್ನಲ್ಡ್ ಪಾಮರ್ ಹೆಸರಿನದು. ನೆಲ ಏರಿಸಬಹುದು, ಇಳಿಸಬಹುದು, ನೀರು ಬಿಡಬಹುದು, ನಮ್ಮದೇ ಫೋಟೋದಿಂದ ಮರ ತಂದು ನೆಡಬಹುದು. ಜಗತ್ತಿನ ಆಟಗಾರರೆಲ್ಲ ತಮ್ಮೂರ ಮೈದಾನ ಕಟ್ಟುವಾಗ ನೀವು ಲಾಲ್‌ಬಾಗ್ ಕಟ್ಟಲು ಹೊರಟಿರಿ. ಬಂಡೆಯ ಮೇಲಿಂದ, ಕೆಂಪೇಗೌಡ ಗೋಪುರದ ಪಕ್ಕ ನಿಂತು ಮೊದಲ ಹೊಡೆತ. ನಿಮ್ಮ ಬೀದಿಯ ಮಳೆ ಮರದ ಫೋಟೋ ತೆಗೆದು, ಎಲೆಎಲೆಗಳ ನಡುವಿನ ಆಕಾಶವನ್ನು ಮೌಸ್‌ನಲ್ಲಿ ಕೆರೆದು ತೆಗೆಯಲು ಮೂರು ರಾತ್ರಿ. ಕೊನೆಗೆ ಮರ ನಿಂತಿತು. ಹನ್ನೊಂದು ಹೋಲ್ ಆದವು. ಹನ್ನೆರಡನೆಯದಕ್ಕೆ ಕೈ ಹಾಕಲೇ ಇಲ್ಲ. ಈ ನಡುವೆ ರಸ್ತೆ ಅಗಲ ಮಾಡುವಾಗ ನಿಜವಾದ ಮರವನ್ನು ಅರ್ಧ ದಿನದಲ್ಲಿ ಕಡಿದು ಹಾಕಿದರು.

ಇಲ್ಲಿ ಒಂದು ಎಚ್ಚರಿಕೆ. ಮರದ ಸಾಲಿನ ಹಿಂದೆಯೇ ನೀವು 'ಅಯ್ಯೋ ಮಾನವ, ನಿನ್ನ ದುರಾಸೆಗೆ ಕೊನೆಯೆಲ್ಲಿ' ಎಂದು ಕೂಗಿದ್ದೀರಿ. ಬೇಡ. ಮೂರು ರಾತ್ರಿ, ಅರ್ಧ ದಿನ. ನೀವೇ ಲೆಕ್ಕ ಕೊಟ್ಟಾಗಿದೆ, ಕೂಡುವುದನ್ನು ಓದುಗರಿಗೆ ಬಿಡಿ.

ಏಳನೇ ಪುಟದಲ್ಲಿ ನೀವು ಬೈಯಲು ಶುರು ಮಾಡುತ್ತೀರಿ. 2014ರಲ್ಲಿ ಕೆನಡಾದ ಎಚ್‌ಬಿ ಸ್ಟುಡಿಯೋಸ್‌ನವರ 'ದ ಗಾಲ್ಫ್ ಕ್ಲಬ್' ಬಂತು, ಅದರಲ್ಲೂ ಮೈದಾನ ಕಟ್ಟಬಹುದಿತ್ತು, ಬಳಗದ ಕೆಲವರು ಅತ್ತ ಹೋದರು. ಅದಕ್ಕೆ 'ದ್ರೋಹ' ಅನ್ನುತ್ತೀರಿ. ಸ್ವಾಮಿ, ದ್ರೋಹ ದೊಡ್ಡ ಮಾತು. ಹಳೆಯ ಆಟವನ್ನು ಹೊಸ ವಿಂಡೋಸ್‌ನಲ್ಲಿ ಓಡಿಸಲು ಒದ್ದಾಡಿ ಸುಸ್ತಾದ ಮಧ್ಯವಯಸ್ಸಿನ ಜನ ಅವರು. ನೀವೂ ಅದನ್ನು ಕದ್ದು ಆಡಿ ನೋಡಿದ್ದೀರಿ, ಒಂಬತ್ತನೇ ಪುಟದಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟಿದ್ದೀರಿ. ಬೈಗುಳ ತೆಗೆದು, ಆ ಕದ್ದು ಆಡಿದ ರಾತ್ರಿಯನ್ನು ಬರೆಯಿರಿ. ಹೇಗಿತ್ತು? ಕೈ ಹಳೆಯ 'ಒತ್ತು, ಬಿಡು, ಒತ್ತು' ಹುಡುಕಿತಾ? ಚೆನ್ನಾಗಿಯೇ ಇತ್ತಾ? ಚೆನ್ನಾಗಿತ್ತು ಅನ್ನುವುದೇ ಬೇಜಾರಾ?

ಹೀಗೆ ಕೇಳಲು ನನಗೂ ಕಾರಣವಿದೆ. ಹದಿನಾರು ವರ್ಷ ಒಂದು ಹವ್ಯಾಸಿ ನಾಟಕ ತಂಡದಲ್ಲಿದ್ದು ಬಿಟ್ಟವಳು ನಾನು. ನಾನಿಲ್ಲದೆ ನಾಟಕ ನಿಲ್ಲುತ್ತದೆ ಅಂದುಕೊಂಡಿದ್ದೆ. ಆರು ತಿಂಗಳಾದ ಮೇಲೆ ರವೀಂದ್ರ ಕಲಾಕ್ಷೇತ್ರದ ಮುಂದೆ ಬಸ್ಸಿನಲ್ಲಿ ಹೋಗುವಾಗ ಬ್ಯಾನರ್ ಕಂಡಿತು. ಇಳಿದು, ಟಿಕೆಟ್ ತಗೊಂಡು, ಕೊನೆಯ ಸಾಲಿನಲ್ಲಿ ಕೂತೆ. ನನ್ನ ಪಾತ್ರವನ್ನು ಒಬ್ಬ ಚಿಕ್ಕ ಹುಡುಗಿ ಮಾಡಿದಳು. ಚೆನ್ನಾಗಿ ಮಾಡಿದಳು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ನಿಮ್ಮ ಹನ್ನೊಂದು ಪುಟದಲ್ಲಿ ಈ ಒಂದು ವಿಷಯದ ಸುಳಿವೇ ಇಲ್ಲ: ನೀವು ಬಿಟ್ಟ ಮೇಲೂ ಅವರು ಆಡುತ್ತಿದ್ದಾರಾ?

ಊರಿನ ಬಗ್ಗೆಯೂ ಒಂದು ತಕರಾರು. 'ಬೆಂಗಳೂರಿಗೂ ಗಾಲ್ಫಿಗೂ ಎತ್ತಣಿಂದೆತ್ತ ಸಂಬಂಧ' ಎಂದು ಒಂದು ಕಡೆ ಬರೆದಿದ್ದೀರಿ. ಸ್ಯಾಂಕಿ ರಸ್ತೆಯ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಹಳೇ ವಿಮಾನ ನಿಲ್ದಾಣದ ಕಡೆ ಚಲ್ಲಘಟ್ಟ ಕೆರೆ ಇದ್ದ ಜಾಗದಲ್ಲಿ ಈಗ ಗಾಲ್ಫ್ ಮೈದಾನವಿದೆ. ಬೇರೆ ಊರಲ್ಲಿ ಚೆಂಡು ಕೆರೆಗೆ ಬಿದ್ದರೆ ನಮ್ಮೂರಲ್ಲಿ ಕೆರೆಯ ಮೇಲೇ ಚೆಂಡು ಉರುಳುತ್ತದೆ. ಸಂಬಂಧ ಇಲ್ಲದಿರುವುದು ಊರಿಗಲ್ಲ, ನಿಮಗೆ ಮತ್ತು ನನಗೆ. ಇಪ್ಪತ್ತು ವರ್ಷ ಗಾಲ್ಫ್ ಆಡಿದ ನೀವು ಒಮ್ಮೆಯೂ ನಿಜವಾದ ಗಾಲ್ಫ್ ಕೋಲು ಹಿಡಿದಿಲ್ಲ, ಬಸ್ಸಿನಲ್ಲಿ ಆ ಕ್ಲಬ್ಬಿನ ಪಕ್ಕ ಎಷ್ಟೋ ಸಲ ಹೋಗಿದ್ದೀರಿ. ಅದನ್ನು ನಾಚಿಕೆಯಿಂದ ಮುಚ್ಚಿಟ್ಟಿದ್ದೀರಿ ಅನ್ನಿಸಿತು. ಮುಚ್ಚಿಡಬೇಡಿ.

ಈಗ ಹತ್ತನೇ ಪುಟ. 2021ರ ಆಗಸ್ಟ್ 7, ಶನಿವಾರ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನ ಕೊನೆಯ ಸುತ್ತು ಆಡಿದ ದಿನ. ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಹೋಲ್ ಮುಗಿಸುವುದು) ಅಂದರೆ ಹಕ್ಕಿ ಅಂದುಕೊಂಡಿದ್ದ ನಾನೂ ಬೆಳಗ್ಗೆ ಬೇಗ ಎದ್ದು ಟಿವಿ ಹಾಕಿದ್ದೆ. ಒಂದೇ ಹೊಡೆತದಲ್ಲಿ ಪದಕ ತಪ್ಪಿತು, ನಾಲ್ಕನೇ ಸ್ಥಾನ. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ಊರೆಲ್ಲ ಬೆಳಗಿನದನ್ನು ಮರೆತಿತು. ನೀವು ಮರೆಯಲಿಲ್ಲ. 'ಕಲಬುರಗಿಗೆ ಫೋನ್ ಮಾಡೋಣ ಅನ್ನಿಸಿತು. ನಂಬರ್ ಇತ್ತು. ಮಾಡಲಿಲ್ಲ' ಎಂದು ಬರೆದು, ಪೂರ್ಣವಿರಾಮ ಹಾಕಿ, ಮುಂದಿನ ಸಾಲಿನಲ್ಲೇ ಬದುಕಿನ ಅರ್ಥ ಹೇಳಲು ಹೊರಟುಬಿಟ್ಟಿದ್ದೀರಿ.

ನೀವು ಬಿಟ್ಟದ್ದಕ್ಕೆ ಕೆಲಸ, ಮದುವೆ, ಮಗಳ ಶಾಲೆ, ಕಣ್ಣು ನೋವು, ಹೊಸ ಆಟ, ಹಳೇ ಕಂಪ್ಯೂಟರ್ ಎಂದು ಆರು ಕಾರಣ ಕೊಟ್ಟಿದ್ದೀರಿ. ಒಂದನ್ನೂ ನಾನು ನಂಬಲಿಲ್ಲ. ಕೆಲಸ ಮದುವೆ ಎಲ್ಲ ಇದ್ದಾಗಲೂ ನೀವು ಮೂರು ರಾತ್ರಿ ಎದ್ದು ಮರ ಕೆತ್ತಿದವರು. ಬಿಟ್ಟ ದಿನ ಯಾವುದು ಅಂತ ನಿಮಗೇ ಗೊತ್ತಿಲ್ಲ ಅನ್ನುವುದು ನನ್ನ ಗುಮಾನಿ. ಒಂದು ಶನಿವಾರ ಆಡಲಿಲ್ಲ, ಆಡಲಿಲ್ಲ ಅಂತ ಗೊತ್ತಾಗಿದ್ದು ಸೋಮವಾರ. ಹಾಗೇನಾದರೂ ಆಯಿತಾ? ಆಗಿದ್ದರೆ ಹಾಗೇ ಬರೆಯಿರಿ. ಆಗಿಲ್ಲವಾದರೆ ನನ್ನ ಮಾತು ಬಿಟ್ಟುಬಿಡಿ, ಆದರೆ ಆರು ಕಾರಣ ಮಾತ್ರ ಬೇಡ.

ಕೆಲಸದ ಮಾತು. 1500 ಪದದೊಳಗೆ ಇರಲಿ. ಫ್ಲಾಪಿಯಿಂದ ಶುರು, ಕೋಡುಬಳೆ, ಲಾಲ್‌ಬಾಗ್, ಮರ, ಆಗಸ್ಟ್ ಬೆಳಗ್ಗೆ. ಅದೇ ಕ್ರಮ ಬೇಕೆಂದಿಲ್ಲ. 'ವಿದಾಯ' ಅನ್ನುವ ಪದ ಇಡೀ ಬರಹದಲ್ಲಿ ಹದಿನೇಳು ಸಲ ಇದೆ, ಎಣಿಸಿದ್ದೇನೆ. ಒಂದೂ ಬೇಡ, ತಲೆಬರಹದಲ್ಲೂ. ಅವಸರ ಇಲ್ಲ, ದೀಪಾವಳಿ ಕಳೆದ ಮೇಲೆ ಕಳಿಸಿದರೂ ಆಗುತ್ತದೆ. ಗೌರವಧನ ಎರಡು ಮಸಾಲೆ ದೋಸೆ, ಕಾಫಿಯಷ್ಟು ಬರುತ್ತದೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಇನ್ನೊಂದು ಕೋರಿಕೆ, ಇದು ಪತ್ರಿಕೆಗೆ ಸಂಬಂಧಿಸಿದ್ದಲ್ಲ. ಆ ಹನ್ನೊಂದು ಹೋಲ್‌ನ ಲಾಲ್‌ಬಾಗ್ ಹಳೇ ಹಾರ್ಡ್ ಡಿಸ್ಕಿನಲ್ಲಿ ಇನ್ನೂ ಇದೆ ಎಂದಿದ್ದೀರಿ. ಯಾವಾಗಲಾದರೂ ಅದನ್ನು ತೆರೆದರೆ ಮರ ಕಾಣುವ ಹಾಗೆ ಪರದೆಯ ಫೋಟೋ ಒಂದು ತೆಗೆದು ಕಳಿಸಿ. ಅಚ್ಚು ಹಾಕಲಿಕ್ಕಲ್ಲ. ನಾನು ನೋಡಬೇಕು.

ನಿಮ್ಮ,
ಸಂಪಾದಕಿ