ಕೋಳಿಗೆ ಎರಡೇ ಕಾಲು

ಪ್ರಶ್ನೆ: ಕಾಕಾ, ನಮಸ್ಕಾರ. ನಾವೆಲ್ಲ ಒಂದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಗೆಳೆಯರು. ಇಪ್ಪತ್ತೈದು ವರ್ಷದ ಮೇಲೆ ಏಪ್ರಿಲ್‌ನ ಒಂದು ಭಾನುವಾರ ಸಂಜೆ ಸೇಡಂ ಹತ್ತಿರದ ನಮ್ಮ ಹೊಲದಲ್ಲಿ ಸೇರುತ್ತಿದ್ದೇವೆ. ಹೆಂಡಿರು ಮಕ್ಕಳು ಸೇರಿ 120 ಜನ. ಕೆಂಡದ ಮೇಲೆ ಕೋಳಿ ಸುಡಬೇಕು ಅಂತ ಎಲ್ಲರ ಆಸೆ. ಜೊತೆಗೆ ಜೋಳದ ರೊಟ್ಟಿ, ಬಗಾರಾ ಅನ್ನ, ದಾಲ್ಚಾ ಇರುತ್ತದೆ. ಒಬ್ಬ ಗೆಳೆಯ 30 ಕೆಜಿ ಸಾಕು ಅನ್ನುತ್ತಾನೆ, ಇನ್ನೊಬ್ಬ 50 ಬೇಕು ಅನ್ನುತ್ತಾನೆ. ಒಲೆ ಹೂಡಲು ಹೊಲದಲ್ಲೇ ಫರ್ಶಿ ಕಲ್ಲು ಬಿದ್ದಿವೆ. ಎಷ್ಟು ಕೋಳಿ ತರಲಿ, ಹೇಳಿ.
— ಸೇಡಂ ತಾಲೂಕಿನ ಓದುಗ

ಉತ್ತರ: ತಮ್ಮಾ, ನಿನ್ನ ಗೆಳೆಯರಿಬ್ಬರ ಮಾತೂ ಸರಿ ಇರಬಹುದು. ಅವರು ಹೇಳಿದ್ದು ಯಾವ ಕೆಜಿ ಅಂತ ಕೇಳಿದೆಯಾ?

ಕೋಳಿಗೆ ಮೂರು ತೂಕ. ಜೀವಂತ ಇದ್ದಾಗ ಒಂದು, ಕೊಯ್ದು ಚರ್ಮ ಸುಲಿದ ಮೇಲೆ ಒಂದು, ಕೆಂಡದಿಂದ ಇಳಿಸಿದ ಮೇಲೆ ಇನ್ನೊಂದು. ಎರಡು ಕೆಜಿಯ ಫಾರಂ ಕೋಳಿ ಕೊಯ್ಯಿಸಿ, ಸ್ಕಿನ್‌ಲೆಸ್ ಮಾಡಿಸಿದರೆ ನಿನ್ನ ಚೀಲಕ್ಕೆ ಬೀಳುವುದು ಹೆಚ್ಚುಕಮ್ಮಿ 1 ಕೆಜಿ 300 ಗ್ರಾಂ. ಅದನ್ನು ಸುಟ್ಟರೆ ನೀರು ಆರಿ ಮತ್ತೆ ಕಾಲು ಭಾಗ ಹೋಗುತ್ತದೆ. ಉಳಿದದ್ದರಲ್ಲಿ ಎಲುಬು ಬೇರೆ ಇದೆ.

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಕಲಬುರಗಿಯಲ್ಲಿ ಖಾನಾವಳಿ ಶುರು ಮಾಡಿದ ಹೊಸದು. ತಂಗಿಯ ಮಗನ ಜವಳ ಇತ್ತು, ಆಳಂದದ ಕಡೆ. ಅಡುಗೆಯ ಜವಾಬ್ದಾರಿ ನನ್ನದು. ಅಂಗಡಿಯವನಿಗೆ "30 ಕೆಜಿ ಕೋಳಿ" ಅಂದೆ, ರೊಕ್ಕ ಕೊಟ್ಟೆ, ಬಂದೆ. ಅವನು 30 ಕೆಜಿ ಜೀವಂತ ಕೋಳಿ ತೂಗಿ, ಕೊಯ್ದು ಕಳಿಸಿದ. ಡಬರಿಗೆ ಸುರಿದು ನೋಡಿದರೆ 20 ಕೆಜಿ ಕೂಡ ಇಲ್ಲ! ಅವನದೇನೂ ತಪ್ಪಿಲ್ಲ, ನಾನು ಬಾಯಿ ಬಿಟ್ಟು ಕೇಳಬೇಕಿತ್ತು. ಕೊನೆಯ ಪಂಕ್ತಿಗೆ ನಾಲ್ಕು ಟ್ರೇ ತತ್ತಿ ತರಿಸಿ ಆಮ್ಲೆಟ್ ಹಾಕಿ ಮಾನ ಉಳಿಸಿಕೊಂಡೆ. ಬೀಗರು ಇವತ್ತಿಗೂ ನನ್ನನ್ನು ತತ್ತಿ ಕಾಕಾ ಅಂತಲೇ ಕರೆಯುತ್ತಾರೆ.

ಅವತ್ತಿನಿಂದ ನಾನು ಸುಡುವ ಕೋಳಿಗೆ ಕೆಜಿ ಲೆಕ್ಕ ಹಿಡಿಯುವುದಿಲ್ಲ. ಪೀಸ್ ಲೆಕ್ಕ ಹಿಡಿಯುತ್ತೇನೆ. ತಟ್ಟೆಗೆ ಬೀಳುವುದು ಪೀಸ್ ಅಲ್ವಾ?

ಮೊದಲು ತಿನ್ನುವವರನ್ನು ಎಣಿಸು. ನೀವು ಭಾನುವಾರ ಇಟ್ಟುಕೊಂಡದ್ದು ಒಳ್ಳೆಯದಾಯಿತು. ನಮ್ಮ ಕಡೆ ಸೋಮವಾರ ಒಬ್ಬರು ಬಿಡುತ್ತಾರೆ, ಗುರುವಾರ ಇನ್ನೊಬ್ಬರು, ಶನಿವಾರ ಮತ್ತೊಬ್ಬರು. ಆ ಭಾನುವಾರ ಹುಣ್ಣಿಮೆ, ಅಮವಾಸ್ಯೆ ಏನಾದರೂ ಬೀಳುತ್ತದಾ ಅಂತ ಮಾತ್ರ ಒಂದು ಸಲ ಕ್ಯಾಲೆಂಡರ್ ನೋಡು. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳು. "ನಾನು ತಿನ್ನಲ್ಲ" ಅನ್ನುವವರಲ್ಲಿ ಎರಡು ಜಾತಿ. ನಿಜವಾಗಿ ತಿನ್ನದವರು ಒಂದು, ಮನೆಯವರ ಎದುರು ಮಾತ್ರ ತಿನ್ನದವರು ಇನ್ನೊಂದು. ಎರಡನೆಯವರು ಕತ್ತಲಾದ ಮೇಲೆ ಒಲೆ ಹತ್ತಿರ ಬಂದು ನಿಲ್ಲುತ್ತಾರೆ. ಅವರನ್ನೂ ಎಣಿಕೆಗೆ ಸೇರಿಸಿಕೋ.

120ರಲ್ಲಿ 25 ಮಂದಿ ತಿನ್ನುವುದಿಲ್ಲ, 20 ಮಕ್ಕಳು ಅಂತ ಇಟ್ಟುಕೊಳ್ಳೋಣ. ಉಳಿದ ದೊಡ್ಡವರು 75. ರೊಟ್ಟಿ, ಬಗಾರಾ ಅನ್ನ ಇರುವುದರಿಂದ ದೊಡ್ಡವರಿಗೆ ಎರಡು ಪೀಸ್, ಮಕ್ಕಳಿಗೆ ಒಂದು. ಅಲ್ಲಿಗೆ 170 ಪೀಸ್. ಒಂದು ಕೋಳಿಯಲ್ಲಿ ಸುಡಲು ಚೆನ್ನಾಗಿರುವ ಪೀಸ್ ಎಂಟು: ಕಾಲು ಎರಡು, ತೊಡೆ ಎರಡು, ರೆಕ್ಕೆ ಸಮೇತ ಎದೆಯದು ನಾಲ್ಕು. ಒಂದೊಂದು ಸುಮಾರು 125 ಗ್ರಾಂ. ಬೆನ್ನು, ಕುತ್ತಿಗೆ, ಕಾಳಿಜ ಸುಡಲು ಬೇಡ. ಅವುಗಳಿಂದ ರೊಟ್ಟಿಗೆ ಒಂದು ತೆಳು ಸಾರು ಮಾಡಿಸು. 22 ಕೋಳಿಗೆ 176 ಪೀಸ್ ಆಗುತ್ತದೆ. ಹೇಳದೆ ಬರುವ ನೆಂಟರಿಗೆ, ಕೆಂಡಕ್ಕೆ ಬಿದ್ದು ಕರಕಲಾಗುವುದಕ್ಕೆ ಇನ್ನೆರಡು ಕೋಳಿ ಸೇರಿಸು. ಒಟ್ಟು 24 ಕೋಳಿ. ಜೀವಂತ ತೂಕ 48 ಕೆಜಿ, ಕೊಯ್ದ ಮೇಲೆ 31 ಕೆಜಿ. ಈಗ ನೋಡು, ಒಬ್ಬ 50 ಅಂದ, ಇನ್ನೊಬ್ಬ 30 ಅಂದ. ಸುಮ್ನೆ ಜಗಳ ಆಡಿದ್ದೀರಿ.

ಎರಡು ಪೀಸ್ ಅಂದರೆ ಎರಡೂ ಲೆಗ್ ಪೀಸ್ ಅಂದುಕೊಳ್ಳುವವರು ಇದ್ದೇ ಇರುತ್ತಾರೆ. 24 ಕೋಳಿಗೆ 48 ಕಾಲು, ಮೊದಲ ಪಂಕ್ತಿಯಲ್ಲೇ ಖಾಲಿ. ಕಾಲನ್ನು ಮಕ್ಕಳಿಗೆ ಮೊದಲು ಕೊಡು. ಉಳಿದದ್ದನ್ನು ಮೂರು ಪರಾತಕ್ಕೆ ಸಮ ಹಂಚಿಟ್ಟು ಒಂದೊಂದಾಗಿ ಹೊರಗೆ ತೆಗೆ. ಮುಸ್ಲಿಂ ಗೆಳೆಯರು ಬರುವುದಿದ್ದರೆ ಹಲಾಲ್ ಅಂಗಡಿಯಲ್ಲೇ ಕೊಯ್ಯಿಸು, ಅವರು ಸಂಕೋಚವಿಲ್ಲದೆ ಕೂತು ತಿನ್ನುತ್ತಾರೆ.

ಇನ್ನು ನೀನು ಕೇಳದ ಪ್ರಶ್ನೆ, ಆದರೆ ನಿನ್ನ ಸಂಜೆ ಕೆಡುವುದು ಇಲ್ಲೇ. ಕೋಳಿ ತಂದೆ ಸರಿ, ಸುಡುವ ಜಾಗ ಎಷ್ಟಿದೆ? ಮೂರು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಕಬ್ಬಿಣದ ಜಾಳಿಯ ಮೇಲೆ ತಿರುಗಿಸಿ ಮುರುಗಿಸಲು ಜಾಗ ಬಿಟ್ಟರೆ 35 ಪೀಸ್ ಹಿಡಿಯುತ್ತದೆ. ಎಲುಬಿರುವ ಪೀಸ್ ಹದ ಕೆಂಡದಲ್ಲಿ ಒಳಗೆ ಬೇಯಲು 35ರಿಂದ 40 ನಿಮಿಷ ಬೇಕು. 192 ಪೀಸ್‌ಗೆ ಆರು ಸರದಿ, ನಾಲ್ಕು ತಾಸು! ಏಳಕ್ಕೆ ಊಟ ಅಂದರೆ ಕೊನೆಯವನು ತಿನ್ನುವುದು ಹನ್ನೊಂದಕ್ಕೆ. ಎರಡು ಒಲೆ, ಎರಡು ಜಾಳಿ ಮಾಡು. ಎರಡು ತಾಸಿಗೆ ಮುಗಿಯುತ್ತದೆ. ಐದೂವರೆಗೆ ಕೆಂಡ ತಯಾರಿರಲಿ. ಒಂದೊಂದು ಒಲೆಗೆ ಒಬ್ಬೊಬ್ಬನೇ ಯಜಮಾನ. ಬಂದವರೆಲ್ಲ ಚಿಮಟಾ ಹಿಡಿದರೆ ಕೋಳಿ ಹೊರಗೆ ಕಪ್ಪು, ಒಳಗೆ ಹಸಿ.

ಫರ್ಶಿ ಕಲ್ಲಿನ ಒಲೆ ಬೇಡವೇ ಬೇಡ. ಅದು ಶಹಾಬಾದ ಕಲ್ಲು, ಸುಣ್ಣದ ಜಾತಿ, ಪದರ ಪದರ. ಬೆಂಕಿ ತಾಗಿದರೆ ಪಟಪಟ ಸಿಡಿಯುತ್ತದೆ, ಚಕ್ಕೆ ಕಣ್ಣಿಗೆ ಹಾರುತ್ತದೆ. ಮಣ್ಣಿನ ನೆಲದ ಮೇಲೆ ಇಟ್ಟಿಗೆ ಜೋಡಿಸು. ಹೊಲದ ಬದುವಿನಲ್ಲಿ ತೊಗರಿ ಕಟ್ಟಿಗೆ ಒಟ್ಟಿರಬೇಕಲ್ಲ, ಅದು ಹೊತ್ತಿಸಲು ಚಲೋ. ಆದರೆ ಭಗ್ಗನೆ ಉರಿದು ಬೂದಿಯಾಗುತ್ತದೆ, ಕೆಂಡ ನಿಲ್ಲುವುದಿಲ್ಲ. ಸುಡಲು ಜಾಲಿ ಇದ್ದಿಲೇ ಬೇಕು. ಎರಡು ಒಲೆಗೆ 20 ಕೆಜಿ ತಂದಿಟ್ಟುಕೋ. ಉರಿ ಆರಿ, ಕೆಂಡದ ಮೇಲೆ ಬಿಳಿ ಬೂದಿ ಕಟ್ಟಿದ ಮೇಲೆಯೇ ಕೋಳಿ ಇಡು.

ಮಸಾಲೆ ನಿಮ್ಮ ಮನೆಯವರ ಕೈರುಚಿ, ನಾನು ಬಾಯಿ ಹಾಕುವುದಿಲ್ಲ. ಅಳತೆ ಮಾತ್ರ ಹೇಳುತ್ತೇನೆ. ಸುಡುವ 24 ಕೆಜಿಗೆ ನೀರು ಬಸಿದ ಮೊಸರು ಎರಡೂವರೆ ಕೆಜಿ, ಶುಂಠಿ ಬೆಳ್ಳುಳ್ಳಿ ಅರೆದದ್ದು ಒಂದು ಕೆಜಿ, ಉಪ್ಪು ಕಾಲು ಕೆಜಿ. ಊಟದ ಜೊತೆ ಹೆಚ್ಚಿಡಲು ನಿಂಬೆಹಣ್ಣು 40, ಉಳ್ಳಾಗಡ್ಡಿ ಐದು ಕೆಜಿ.

ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟಿರುತ್ತದೆ. 32 ಡಿಗ್ರಿ ಮೇಲಿದ್ದರೆ ಹಸಿ ಕೋಳಿ ಹೊರಗೆ ಒಂದು ತಾಸಿಗಿಂತ ಜಾಸ್ತಿ ಇರಬಾರದು. ಮಸಾಲೆ ಹಚ್ಚಿದ್ದೇವೆ, ಏನೂ ಆಗಲ್ಲ ಅನ್ನಬೇಡ. ಥರ್ಮೋಕೋಲ್ ಡಬ್ಬಿ, ತಳಕ್ಕೂ ಮೇಲಕ್ಕೂ ಬರ್ಫ್, ನಡುವೆ ಕಟ್ಟಿದ ಚೀಲದಲ್ಲಿ ಕೋಳಿ. ಸರದಿಗೆ ಬೇಕಾದಷ್ಟೇ ಹೊರಗೆ ತೆಗೆ. ಹಸಿ ಕೋಳಿ ಇಟ್ಟ ಪರಾತದಲ್ಲಿ ಬೆಂದದ್ದನ್ನು ಇಡಬೇಡ. ಬೆಂದಿದೆಯಾ ಅಂತ ನೋಡಲು ತೊಡೆಯನ್ನು ಎಲುಬಿನವರೆಗೆ ಸೀಳು. ಕೆಂಪು ಕಂಡರೆ ಮತ್ತೆ ಕೆಂಡಕ್ಕೆ. ಅಡುಗೆ ಥರ್ಮಾಮೀಟರ್ ಇದ್ದರೆ ಇನ್ನೂ ಚಲೋ, ಒಳಗೆ 74 ಡಿಗ್ರಿ ತೋರಿಸಬೇಕು.

ಅಂಗಡಿಯವನಿಗೆ ಮೂರು ದಿನ ಮೊದಲೇ ಹೇಳು. "24 ಕೋಳಿ, ಒಂದೊಂದು ಎರಡು ಕೆಜಿ, ಸ್ಕಿನ್‌ಲೆಸ್, ಸುಡಲು ಎಂಟು ಪೀಸ್, ಬೆನ್ನು ಬೇರೆ ಕಟ್ಟು" ಅಂತ ಚೀಟಿಯಲ್ಲಿ ಬರೆದು ಕೊಡು. ಬಾಯಿಮಾತು ಬೇಡ.

ಪ್ರಶ್ನೆ: ಕಾಕಾ, ರಾತ್ರಿ ಸುಟ್ಟ ಕೋಳಿ ಉಳಿದರೆ ಮರುದಿನ ತಿನ್ನಬಹುದಾ? ನಮ್ಮ ಅತ್ತೆ ಬಿಸಾಡಲು ಬಿಡುವುದಿಲ್ಲ.
— ಬೀದರಿನ ಓದುಗಿ

ಉತ್ತರ: ತಂಗಿ, ಊಟ ಮುಗಿದ ಕೂಡಲೇ ಫ್ರಿಜ್ಜಿಗೆ ಸೇರಿದ್ದರೆ ಮೂರು ದಿನ ತಿನ್ನಬಹುದು. ಎಲುಬು ಬಿಡಿಸಿ, ಎಳೆ ಮಾಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಜೊತೆ ಹಂಚಿನಲ್ಲಿ ಹೊಗೆಯಾಡುವಷ್ಟು ಬಿಸಿ ಮಾಡು. ರೊಟ್ಟಿಗೆ ಭಾರಿ ರುಚಿ. ರಾತ್ರಿಯಿಡೀ ಪರಾತದಲ್ಲಿ ಹೊರಗೇ ಉಳಿದಿದ್ದರೆ ಮಾತ್ರ ಬಿಸಾಡು. ಅತ್ತೆ ಕೇಳಿದರೆ ಕಾಕಾ ಹೇಳಿದ ಅನ್ನು, ಬೈಗುಳ ನನಗಿರಲಿ.