ಟೂರ್ ದ ಫ್ರಾನ್ಸ್: ದಿನಾ ರಸ್ತೆ ಬಂದ್ ಆಗಿ ರೇಸ್ ತಪ್ಪುತ್ತಿರುವುದಕ್ಕೆ

ದಿನಕ್ಕೊಂದು ಹಂತವಾಗಿ ಊರಿಂದ ಊರಿಗೆ ಸಾಗುವ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ನೋಡಲು ಮಕ್ಕಳ ಜೊತೆ ಕಾರಿನಲ್ಲಿ ಹೋದರೆ, ದಿನಾ ರಸ್ತೆ ಬಂದ್ ಆಗಿ ರೇಸ್ ತಪ್ಪುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಒಂದೇ ದಿನ ಸ್ಟಾರ್ಟ್, ಫಿನಿಶ್ ಎರಡನ್ನೂ ನೋಡಲು ಹೊರಡುತ್ತಿರುವುದೇ ಕಾರಣ ಇರಬೇಕು. ಸವಾರರು ಬರುವ ಎಷ್ಟೋ ಗಂಟೆ ಮೊದಲೇ ರಸ್ತೆ ಮುಚ್ಚುತ್ತಾರೆ. ಅದಕ್ಕೇ ನೀವೂ ಮಕ್ಕಳೂ ದಿನಾ ತಡೆಗೋಲಿನ ಹತ್ತಿರವೇ ನಿಲ್ಲುವಂತಾಗಿದೆ.

ಮೊದಲು ದಿನಕ್ಕೆ ಒಂದೇ ಜಾಗ ಆರಿಸಿಕೊಳ್ಳಿ. ಆಮೇಲೆ ಅಧಿಕೃತ ವೇಳಾಪಟ್ಟಿಯಲ್ಲಿ ಆ ಊರಿನ ಸಾಲು ನೋಡಿ. ಪ್ರಾಯೋಜಕ ಕಂಪನಿಗಳ ಪ್ರಚಾರ ವಾಹನಗಳ ಸಮಯ ಬೇರೆ, ಸವಾರರದ್ದು ಬೇರೆ ಇರುತ್ತದೆ. ಆ ವಾಹನಗಳು ಸುಮಾರು ಎರಡು ಗಂಟೆ ಮೊದಲು ಬರುತ್ತವೆ. ಟೋಪಿ, ಮಿಠಾಯಿ ಎಸೆಯುತ್ತಾರೆ, ಮಕ್ಕಳಿಗೆ ಅದೇ ಹಬ್ಬ. ಆದರೆ ಬಿದ್ದದ್ದನ್ನು ಹೆಕ್ಕಲು ರಸ್ತೆಗೆ ಓಡದಂತೆ ಕೈ ಹಿಡಿದುಕೊಂಡೇ ಇರಿ.

ಕಾರನ್ನು ಮಾತ್ರ ನಾಳೆ ಹೋಗಬೇಕಾದ ದಿಕ್ಕಿನ ಕಡೆಯೇ ನಿಲ್ಲಿಸಿ. ರೇಸ್ ದಾರಿ ದಾಟುವಂತಿದ್ದರೆ ಕೊನೆಯ ಸವಾರನ ಹಿಂದಿನ ವ್ಯಾನ್ ಹೋಗುವವರೆಗೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ.

ಸಮತಟ್ಟು ರಸ್ತೆಯಲ್ಲಿ ಇಡೀ ಗುಂಪು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಏರುದಾರಿಯಲ್ಲಿ ಚದುರಿ ನಿಧಾನವಾಗಿ ಬರುತ್ತಾರೆ, ಮುಖದ ಬೆವರೂ ಕಾಣುತ್ತದೆ. ಆದರೆ ದೊಡ್ಡ ಘಟ್ಟಗಳನ್ನು ಕೆಲವೊಮ್ಮೆ ಹಿಂದಿನ ದಿನವೇ ಮುಚ್ಚುತ್ತಾರೆ. ಇದು ಊರಿಂದ ಊರಿಗೆ ಬದಲಾಗುತ್ತದೆ, ಸ್ಥಳೀಯ ಆಡಳಿತದ ಪ್ರಕಟಣೆ ನೋಡಿಯೇ ಹೊರಡಿ.

ಟೈಮ್ ಟ್ರಯಲ್, ಅಂದರೆ ಗುಂಪಾಗಿ ಅಲ್ಲದೆ ಪ್ರತಿಯೊಬ್ಬರೂ ಬೇರೆ ಬೇರೆ ಹೊರಟು ಅವರವರ ಸಮಯ ಅಳೆಯುವ ದಿನವನ್ನಂತೂ ಬಿಡಬೇಡಿ. ಒಬ್ಬೊಬ್ಬರೇ ಗಂಟೆಗಟ್ಟಲೆ ಬರುತ್ತಿರುತ್ತಾರೆ.